ನಡೆಯಲು ಬಿಡದ ಊರು

ನಾಲ್ಕು ಹೆಜ್ಜೆ ನಡೆದು ಬರೋಣ ಅಂತ ನಾನು ಹೊರಟ ದಿನವೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಹುಟ್ಟಿದ್ದು ಬಿಜಾಪುರದ ಬಯಲಿನಲ್ಲಿ. ಹೈಸ್ಕೂಲು ಮೇಷ್ಟ್ರನ್ನು ಮದುವೆಯಾಗಿ ಮೂಡಿಗೆರೆಗೆ ಬಂದೆ. ಇಲ್ಲಿಯ ಮಳೆ, ಜಿಗಣೆ ಎರಡಕ್ಕೂ ಹೊಂದಿಕೊಂಡೆ. ಜನರ ಪ್ರೀತಿಗೆ ಮಾತ್ರ ಇನ್ನೂ ಭಯ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಡಾಕ್ಟರು ಹೇಳಿದರು: "ಅಮ್ಮ, ಎಲೆ ಅಡಿಕೆ ಜಗಿದು ಮುಗಿಸೋದ್ರೊಳಗೆ ಈ ಊರನ್ನ ದಾಟಬಹುದು. ಪೋಸ್ಟಾಫೀಸು, ತರಕಾರಿ, ದೇವಸ್ಥಾನ ಎಲ್ಲಕ್ಕೂ ನಡೆದೇ ಹೋಗಿ. ಮೂರು ತಿಂಗಳು ನೋಡ್ತೀನಿ. ಇಳೀಲಿಲ್ಲ ಅಂದ್ರೆ ದಿನಾ ಇಂಜೆಕ್ಷನ್."

ಬಿಜಾಪುರದಲ್ಲಿದ್ದ ನನ್ನ ಅಕ್ಕ ಕಣ್ಣಮುಂದೆ ಬಂದಳು. ದಿನಕ್ಕೆರಡು ಸಲ ಚುಚ್ಚಿಸಿಕೊಂಡರೂ ಅವಳ ಕಾಲಿನ ಹೆಬ್ಬೆರಳು ಉಳಿಯಲಿಲ್ಲ. ಅವತ್ತಿನಿಂದ ಬೆಳಿಗ್ಗೆ ಎದ್ದ ಕೂಡಲೇ ನನ್ನ ಕಾಲ್ಬೆರಳು ಎಣಿಸುವುದು ಅಭ್ಯಾಸವಾಯಿತು.

ಜೀಪು

ಮೊದಲ ದಿನ ಪೋಸ್ಟಾಫೀಸಿಗೆ ಹೊರಟೆ. ಗೇಟು ದಾಟಿ ಹತ್ತು ಹೆಜ್ಜೆ ಇಟ್ಟಿರಬೇಕು, ಜೀಪೊಂದು ನಿಂತಿತು. ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರು. ನಮ್ಮ ಮೇಷ್ಟ್ರ ಹಳೇ ಶಿಷ್ಯ.

"ಎಂತ ಅಮ್ಮ, ನಡ್ಕೊಂಡು ಹೊರಟ್ರಿ? ಹತ್ತಿ."

"ಇಲ್ಲಪ್ಪ, ನಡೀಬೇಕು."

"ನೀವು ನಡ್ಕೊಂಡು ಹೋಗ್ತಿದ್ರಿ, ನಾನು ಜೀಪಲ್ಲಿ ಹೋದೆ ಅಂತ ಗೊತ್ತಾದ್ರೆ ನಮ್ಮಮ್ಮ ಇವತ್ತು ಊಟ ಹಾಕಲ್ಲ."

ಈ ಸೀಮೆಯಲ್ಲಿ ಅದು ಸುಳ್ಳಲ್ಲ. ವಯಸ್ಸಾದವರನ್ನು ರಸ್ತೆಯಲ್ಲಿ ಬಿಟ್ಟು ಹೋದ ಸುದ್ದಿ ಜೀಪಿಗಿಂತ ಮೊದಲೇ ಮನೆ ಸೇರಿರುತ್ತದೆ. ಹತ್ತಿದೆ. ಪೋಸ್ಟಾಫೀಸಿನಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ತಗೊಂಡು, ವಾಪಸಾದರೂ ನಡೆಯೋಣ ಅಂತ ಹೊರಗೆ ಬಂದರೆ ಜೀಪು ಅಲ್ಲೇ ಗುರುಗುಡುತ್ತಿತ್ತು. ಆ ದಿನ ನಾನು ಒಟ್ಟು ನಡೆದದ್ದು ಜೀಪಿನಿಂದ ಕೌಂಟರಿಗೆ, ಕೌಂಟರಿನಿಂದ ಜೀಪಿಗೆ.

ಒಳದಾರಿ

ಜೀಪು ನುಗ್ಗದ ದಾರಿ ಹಿಡಿಯೋಣ ಅಂತ ಮಾರನೇ ದಿನ ಮನೆಗಳ ನಡುವಿನ ಓಣಿಯಲ್ಲಿ ಹೋದೆ. ಅಲ್ಲಿ ಜೀಪಿರಲಿಲ್ಲ, ಬಾಗಿಲುಗಳಿದ್ದವು.

"ಬಾಗಿಲ ಮುಂದೆ ಹೋಗ್ತಾ ಒಳಗೆ ಬರ್ದೆ ಹೋದ್ರೆ ಹೆಂಗಕ್ಕ?"

ಮೂರು ಮನೆ, ಮೂರು ಲೋಟ ಕಾಫಿ. ಒಂದು ಮನೆಯಲ್ಲಂತೂ ಜೊತೆಗೆ ಹಲಸಿನ ಹಣ್ಣಿನ ಕಡುಬು. ಹೆದರಿ ಹೇಳಿಬಿಟ್ಟೆ: "ಸಿಹಿ ಬೇಡಮ್ಮ, ಡಾಕ್ಟ್ರು ಬೈತಾರೆ."

"ಅಯ್ಯೋ, ಸಕ್ಕರೆ ಒಂದು ಕಾಳೂ ಹಾಕಿಲ್ಲ, ಬರೀ ಬೆಲ್ಲ," ಅಂದಳು ಮನೆಯಾಕೆ. "ಆ ಡಾಕ್ಟ್ರಿಗೂ ಇದೇ ಬೆಲ್ಲದ ಕಾಫೀನೇ ಕೊಡೋದು. ಅವ್ರು ಎರಡು ಲೋಟ ಕುಡೀತಾರೆ."

ಬರಿಗೈ

ಹೀಗಾದರೆ ನನ್ನ ಬೆರಳಿನ ಗತಿಯೇನು? ಮೂರನೇ ವಾರ ಎಲ್ಲರೂ ಏಳುವ ಮೊದಲೇ ಎದ್ದು, ಕೈಯಲ್ಲಿ ಚೀಲ ಹಿಡಿಯದೆ, ಊರ ಹೊರಗಿನ ರಸ್ತೆಯಲ್ಲಿ ಬಿರಬಿರನೆ ನಡೆದೆ. ಹಾಲಿನವನೊಬ್ಬ ನೋಡಿದ. ಮಾತಾಡಿಸಲಿಲ್ಲ. ಅಬ್ಬ, ಇವನೊಬ್ಬ ಒಳ್ಳೆಯವನು ಅಂದುಕೊಂಡೆ.

ಮನೆಗೆ ಬಂದರೆ ಜಗಲಿಯಲ್ಲಿ ಅಕ್ಕಪಕ್ಕದ ಇಬ್ಬರು ಹೆಂಗಸರು ಮೇಷ್ಟ್ರನ್ನು ನಿಲ್ಲಿಸಿಕೊಂಡು ವಿಚಾರಿಸುತ್ತಿದ್ದರು. "ನಿಜ ಹೇಳಿ ಮೇಷ್ಟ್ರೆ, ಎಂತ ಬೈದ್ರಿ? ಉಟ್ಟ ಸೀರೇಲಿ, ಬರಿಗೈಲಿ ಹೊರಟೋಗಿದ್ದಾರಂತಲ್ಲ!"

ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ನನ್ನನ್ನು ಕಂಡಿದ್ದೇ ಓಡಿ ಬಂದು, "ತಪ್ಪಾಯ್ತು ಕಣೆ, ಇನ್ನು ಹಾಗನ್ನಲ್ಲ," ಅಂದರು.

ಮದುವೆಯಾದಾಗಿನಿಂದ ಆ ಮಾತು ಅವರ ಬಾಯಿಂದ ಬಂದಿರಲಿಲ್ಲ. ಯಾವುದಕ್ಕೆ ಅಂತ ನಾನೂ ಕೇಳಲಿಲ್ಲ. ಇರಲಿ ಅಂತ ಇಟ್ಟುಕೊಂಡೆ.

ರಿಪೋರ್ಟಿನ ದಿನ

ಆಮೇಲೆ ಮೇಷ್ಟ್ರು ಮರ್ಯಾದೆ ಉಳಿಸಿಕೊಳ್ಳಲು ನನ್ನ ಸಕ್ಕರೆ ಕಾಯಿಲೆಯ ನಿಜವನ್ನು ಊರಿಗೆಲ್ಲ ಹೇಳಿಬಿಟ್ಟರು. ಜೀಪುಗಳು ನಿಲ್ಲುವುದು ಬಿಟ್ಟವು. ಓಣಿಯಲ್ಲಿ ಕಾಫಿ ಬಂದಾಯಿತು. ತರಕಾರಿಗೆ, ದೇವಸ್ಥಾನಕ್ಕೆ, ಬ್ಯಾಂಕಿಗೆ ಎರಡು ತಿಂಗಳು ದಿನಾ ನಡೆದೆ. ಮಂಡಿ ಹಿಡಿದುಕೊಳ್ಳುವುದು ತಪ್ಪಿತು, ಹಸಿವು ಚೆನ್ನಾಯಿತು. ಆದರೂ ಪರೀಕ್ಷೆಗೆ ರಕ್ತ ಕೊಟ್ಟು ಬಂದ ಮೇಲೆ ಕಾಲ್ಬೆರಳನ್ನು ಎರಡೆರಡು ಸಲ ಎಣಿಸಿದೆ. ರಿಪೋರ್ಟು ಕೇಳಲು ಹೊರಟ ಬೆಳಿಗ್ಗೆ ಊರ ತುಂಬ ಮಂಜು. ನನ್ನ ಮುಖ ನೋಡಿಯೋ ಏನೋ, ರೈಟರು ಜೀಪು ನಿಲ್ಲಿಸಿದ.

"ಹತ್ತಿ ಅನ್ನಲ್ಲ ಅಮ್ಮ. ನೀವು ನಡೀರಿ. ತಲೆಗಿಲೆ ಸುತ್ತೀತು, ನಾನು ಹಿಂದೇನೇ ಬರ್ತೀನಿ."

ಬೇಡ ಅಂದರೆ ಕೇಳಬೇಕಲ್ಲ. ಲೈಟು ಹಾಕಿಕೊಂಡು ನನ್ನ ಹೆಜ್ಜೆಗೆ ಸರಿಯಾಗಿ ಜೀಪು ಬಿಟ್ಟುಕೊಂಡು ಬಂದ. ಅದರ ಹಿಂದೆ ಕಳಸದ ಬಸ್ಸು ಸಿಕ್ಕಿಕೊಂಡಿತು. ಬಸ್ಸಿನ ಹಿಂದೆ ಎರಡು ಲಾರಿ. ಯಾರೂ ಹಾರ್ನ್ ಹೊಡೆಯಲಿಲ್ಲ.

ನಾನು ತಲೆ ತಗ್ಗಿಸಿ ನಡೆಯುತ್ತಿದ್ದೆ. ಬಟ್ಟೆ ಅಂಗಡಿಯವನು ಬಾಗಿಲನ್ನು ಸದ್ದಾಗದಂತೆ ಅರ್ಧಕ್ಕೆ ಎಳೆದ. ಹೋಟೆಲಿನವನು ಹೊರಗೆ ಬಂದು ಹೆಗಲ ಟವಲು ತೆಗೆದು ಕೈಮುಗಿದ. ಅಯ್ಯೋ, ಯಾರದೋ ಹೆಣ ಬರುತ್ತಿದೆ! ಇಂಥ ದಿನವೇ ಎದುರಾಗಬೇಕೇ ಈ ಅಪಶಕುನ? ರಸ್ತೆ ಬದಿಗೆ ಸರಿದು ನಾನೂ ಕೈಮುಗಿದು ನಿಂತೆ. ಜೀಪೂ ನಿಂತಿತು. ಬಸ್ಸೂ ನಿಂತಿತು.

ಬಟ್ಟೆ ಅಂಗಡಿಯವನು ಮೆಲ್ಲಗೆ ಹತ್ತಿರ ಬಂದ. "ಯಾರಮ್ಮ ತೀರ್ಕೊಂಡಿದ್ದು?"

"ನನಗೂ ಗೊತ್ತಿಲ್ಲಪ್ಪ," ಅಂದೆ.

ರೈಟರು ಜೀಪಿನಿಂದ ತಲೆ ಹೊರಗೆ ಹಾಕಿ ಕೂಗಿದ: "ಯಾರೂ ಇಲ್ಲ ಮಾರಾಯ! ಅಮ್ಮಂದು ವಾಕಿಂಗು!"

ಉಳಿದ ದಾರಿ ನಾನು ನಡೆದೆನೋ ಓಡಿದೆನೋ ನೆನಪಿಲ್ಲ. ಡಾಕ್ಟರು ರಿಪೋರ್ಟು ಬಿಡಿಸಿದರು. ನಾನು ಕಣ್ಣು ಮುಚ್ಚಿದೆ.

"ಭೇಷ್ ಅಮ್ಮ! ಚೆನ್ನಾಗಿ ಇಳಿದಿದೆ. ಇಂಜೆಕ್ಷನ್ ಬೇಡವೇ ಬೇಡ."

ಕಣ್ಣಲ್ಲಿ ನೀರು ಬಂತು. ಅವರು ಖುಷಿಯಲ್ಲಿ ತೋಳಿಗೆ ಪಟ್ಟಿ ಸುತ್ತಿ ಬಿಪಿಯನ್ನೂ ನೋಡಿದರು. ಮುಖ ಗಂಭೀರವಾಯಿತು. "ಇದ್ಯಾಕೆ ಇಷ್ಟು ಏರಿದೆ? ಮನಸ್ಸಿಗೆ ಯಾರು ತೊಂದರೆ ಕೊಡ್ತಿದಾರೆ ನಿಮಗೆ?"

ನಾನು ಬಾಯಿ ತೆರೆಯುವುದರೊಳಗೆ ಬಾಗಿಲು ಸರಿಯಿತು. ಕಳಸದ ಬಸ್ಸಿನ ಕಂಡಕ್ಟರು.

"ಅಮ್ಮ, ಶುಗರ್ ಎಷ್ಟು ಬಂತು? ಬಸ್ಸಲ್ಲಿ ಎಲ್ಲ ಕಾಯ್ತಾ ಇದಾರೆ."