ಬಾಟಲಿಯ ಬೆನ್ನಿನ ಚೀಟಿ ಬರೆದವರಿಗೆ, ಬೆಲ್ಲದ ಮಂಡಿಯಿಂದ

ಇವರಿಗೆ:
ಬಾಟಲಿಯ ಹಿಂಬದಿಯ ಚೀಟಿ ಬರೆಯುವ ಅಧಿಕಾರಿಗಳು, ವೈನ್ ಕಂಪನಿ (ತಮ್ಮ ಹೆಸರು ಚೀಟಿಯಲ್ಲಿ ಇಲ್ಲದ ಕಾರಣ ಹುದ್ದೆಯನ್ನು ಊಹಿಸಿದ್ದೇನೆ).

ಇವರಿಂದ:
ಧನ್ಯಾ, ಎಂಬಿಎ ಮೊದಲ ವರ್ಷ, ಸದ್ಯ ರಜೆಯಲ್ಲಿ, ಶಿರಾಳಕೊಪ್ಪ.

ವಿಷಯ: ತಮ್ಮ ಚೀಟಿಯಲ್ಲಿರುವ ಸಿಹಿ ಬಾಟಲಿಯೊಳಗೆ ಸಿಗದಿರುವ ಬಗ್ಗೆ.

ಮಾನ್ಯರೇ,

ತಮಗೆ ಅನಂತ ವಂದನೆಗಳು. ಮೊದಲನೆಯದಾಗಿ, ಈ ಪತ್ರ ಬರೆಯುತ್ತಿರುವುದಕ್ಕೇ ಕ್ಷಮೆ ಕೇಳುತ್ತೇನೆ. ಹಣ್ಣುಗಳ ಹೆಸರು ಹುಡುಕುವುದರಲ್ಲಿ ಕಳೆಯಬೇಕಾದ ತಮ್ಮ ಸಮಯವನ್ನು ಒಬ್ಬ ವಿದ್ಯಾರ್ಥಿನಿ ಹಾಳುಮಾಡಬಾರದು ಎಂದು ನನಗೆ ಗೊತ್ತಿದೆ. ತಮ್ಮ ಕಂಪನಿಗೆ ಮೂರು ಸಲ ಇಮೇಲ್ ಮಾಡಿದೆ, ಮೂರು ಸಲವೂ ನಾನು ಕಣ್ಣು ಮಿಟುಕಿಸುವುದರೊಳಗೆ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಉತ್ತರ ಬಂತು. ಅಷ್ಟು ವೇಗವಾಗಿ ಓದುವವರು ಮನುಷ್ಯರಲ್ಲಿ ಇರಲಾರರು ಎಂಬ ಅನುಮಾನದಿಂದ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಐದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲ್ಲಿನಲ್ಲಿ ಬೆಳೆದವಳಾದ್ದರಿಂದ ಕನ್ನಡದಲ್ಲಿ ನಾನು ಬರೆದಿರುವುದು ಬಹುಪಾಲು ರಜಾ ಅರ್ಜಿಗಳೇ. ಎಲ್ಲಾದರೂ 'ಜ್ವರದ ನಿಮಿತ್ತ' ಎಂಬ ಧಾಟಿ ನುಸುಳಿದರೆ ಮನ್ನಿಸಬೇಕು. ನನಗೆ ಇಪ್ಪತ್ತೆರಡು ವರ್ಷ ತುಂಬಿದೆ, ಬೇಕಿದ್ದರೆ ಆಧಾರ್ ಕಾರ್ಡಿನ ನಕಲು ಕಳಿಸುತ್ತೇನೆ.

ತಮ್ಮ ಕಂಪನಿಯಲ್ಲಿ, ಚೀಟಿ ಬರೆಯುವ ತಮ್ಮ ವಿಭಾಗದಲ್ಲೇ, ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ನಾನು ಅರ್ಜಿ ಹಾಕಿದ್ದೇನೆ. ಅದು ಸಿಕ್ಕದಿದ್ದರೆ ಕಾಲೇಜಿನವರು ತೋರಿಸಿದ ಕಡೆ ಹೋಗಬೇಕು. ಹೋದ ವರ್ಷ ಹಾಗೆ ಹೋದವರು ಒಂದು ಟೈಲ್ಸ್ ಶೋರೂಮಿನಲ್ಲಿ ಎರಡು ತಿಂಗಳು ಟೈಲ್ಸ್ ಒರೆಸಿ, ಅದರ ಮೇಲೆ ನಲವತ್ತು ಪುಟದ ವರದಿ ಬರೆದರು. ಅರ್ಜಿಯಲ್ಲಿ ಹವ್ಯಾಸ ಎಂಬ ಕಾಲಂ ಇತ್ತು. ನಮ್ಮ ಸೀನಿಯರ್ ರಾಹುಲ್, ಶಿಕಾರಿಪುರದವನು, ನನ್ನ ಹಿಂದೆ ನಿಂತು, "ರೀಡಿಂಗ್, ಮ್ಯೂಸಿಕ್ ಅಂತ ಹಾಕಿದ್ರೆ ಸೀದಾ ಡಸ್ಟ್‌ಬಿನ್‌ಗೆ ಹೋಗುತ್ತೆ. ವೈನ್ ಅಪ್ರಿಸಿಯೇಷನ್ ಅಂತ ಹಾಕು ಮಾರಾಯ್ತಿ, ಯಾರು ಚೆಕ್ ಮಾಡ್ತಾರೆ" ಎಂದ. ಹಾಕಿದೆ. ತಾವು ಚೆಕ್ ಮಾಡಿದಿರಿ. ಬರುವ ಇಪ್ಪತ್ತೆರಡನೇ ತಾರೀಖಿನ ಸಂದರ್ಶನದಲ್ಲಿ ಮೇಜಿನ ಮೇಲೆ ಮೂರು ಗ್ಲಾಸು ಇಡಲಾಗುವುದು, ಅಭ್ಯರ್ಥಿಯು ಒಂದೊಂದರ ಬಗ್ಗೆ ಎರಡೆರಡು ನಿಮಿಷ ಮಾತನಾಡತಕ್ಕದ್ದು ಎಂದು ಪತ್ರ ಬಂತು. ಅಲ್ಲಿಯವರೆಗೆ ನಾನು ಮನಸಾರೆ ಮೆಚ್ಚಿದ್ದ ಪಾನೀಯಗಳೆಂದರೆ ಕಬ್ಬಿನ ಹಾಲು, ಬಾದಾಮಿ ಹಾಲು ಮತ್ತು ಹಾಸ್ಟೆಲ್ಲಿನಲ್ಲಿ ಭಾನುವಾರ ಕೊಡುತ್ತಿದ್ದ ಕಿತ್ತಳೆ ಬಣ್ಣದ ಶರಬತ್ತು. ಆ ಶರಬತ್ತಿಗೂ ನಾನು ಮೇಲಿಂದ ಸಕ್ಕರೆ ಕೇಳಿದ್ದೆ.

ಹಾಗಾಗಿ ಅಭ್ಯಾಸಕ್ಕೆಂದು ರಾಹುಲನ ಕೈಲಿ ತಮ್ಮ ಕಂಪನಿಯ ಒಂದು ಕೆಂಪು ವೈನ್ ತರಿಸಿದೆ. ಅವನು ಶಿಕಾರಿಪುರದ ಅಂಗಡಿಯಿಂದ ಮೊದಲು ಬಾಟಲಿಯ ಬೆನ್ನಿನ ಫೋಟೋ ಕಳಿಸಿದ. ತಮ್ಮ ಬರಹವನ್ನು ನಾನು ಅಂದು ಓದಿದೆ: ಮಾಗಿದ ಕಪ್ಪು ಹಣ್ಣುಗಳ ಸಂಭ್ರಮ, ವೆನಿಲ್ಲಾ ಮತ್ತು ಚಾಕೊಲೇಟಿನ ಸುಳಿವು, ರೇಷ್ಮೆಯಂಥ ಸುದೀರ್ಘ ಮುಕ್ತಾಯ. ಇಷ್ಟು ಸಿಹಿಯನ್ನು ಮೂರೇ ಸಾಲಿನಲ್ಲಿ ತುಂಬಿಸಿದ ತಮ್ಮ ಕೈಚಳಕವನ್ನು ಎಷ್ಟು ಹೊಗಳಿದರೂ ಕಡಿಮೆ. ನಮ್ಮೂರಿನ ಬೇಕರಿಯವರು ಹುಟ್ಟುಹಬ್ಬದ ಕೇಕಿನ ಬಗ್ಗೆ ಕೂಡ ಇಷ್ಟೊಂದು ಮಾತು ಕೊಡುವುದಿಲ್ಲ.

ಇಲ್ಲಿ ನಮ್ಮ ಮನೆಯ ವಿಚಾರ ಸ್ವಲ್ಪ ತಿಳಿಸಬೇಕು. ನಮ್ಮ ತಂದೆ ಸದಾಶಿವಪ್ಪನವರು ಶಿರಾಳಕೊಪ್ಪದಲ್ಲಿ ಮೂವತ್ತು ವರ್ಷದಿಂದ ಬೆಲ್ಲದ ಮಂಡಿ ಇಟ್ಟಿದ್ದಾರೆ. ಅಚ್ಚು ಬೆಲ್ಲ, ಉಂಡೆ ಬೆಲ್ಲ, ಮತ್ತು ಡಬ್ಬಿಯಲ್ಲಿ ಬರುವ ನೀರು ನೀರಾದ ಜೋನಿ ಬೆಲ್ಲ. ನಾವು ಲಿಂಗ ಕಟ್ಟಿದವರು. ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಕುಡಿಯುವವರ ಸುದ್ದಿಯನ್ನು ಊಟದ ಹೊತ್ತಿಗೆ ತೆಗೆಯುವುದೂ ಇಲ್ಲ. ಆದ್ದರಿಂದ ಬಾಟಲಿಯನ್ನು ಬಚ್ಚಿಡುವ ಧೈರ್ಯವಿಲ್ಲದೆ ಅಪ್ಪಾಜಿಯ ಮುಂದೆಯೇ ಇಟ್ಟು, ಇದು ಪರೀಕ್ಷೆಗೆ ಬರುತ್ತದೆ ಎಂದೆ. ಅವರು ಬಾಟಲಿಯನ್ನೂ ನನ್ನನ್ನೂ ನೋಡಿ, "ಸಿಲಬಸ್‌ನಾಗ ಐತೇನವ್ವ?" ಎಂದು ಕೇಳಿದರು. ಐತಿ ಎಂದೆ. "ಹಂಗಾರೆ ಓದಬೇಕು. ಆದ್ರೆ ಮನ್ಯಾಗ ಬ್ಯಾಡ, ಮಂಡಿಯಾಗ ಕೂತು ಓದು" ಎಂದರು. ಅಮ್ಮ ಆ ವಾರ ಸೊರಬದಲ್ಲಿ ಅಜ್ಜಿಯ ಮನೆಯಲ್ಲಿದ್ದದ್ದು ನನ್ನ ಪುಣ್ಯ.

ಬಾಟಲಿಗೆ ಮರದ ಬಿರಡೆ. ನಮ್ಮ ಮಂಡಿಗೆ ಡಬ್ಬಿ ಬೆಸೆದುಕೊಡುವ ಪಕ್ಕದಂಗಡಿಯ ನಜೀರ್ ಸಾಬ್ ಅವರನ್ನು ಅಪ್ಪಾಜಿ ಕರೆದರು. ಅವರೂ ಜೀವಮಾನದಲ್ಲಿ ಮುಟ್ಟಿದವರಲ್ಲ. "ಕುಡಿಯಾದು ತಪ್ಪು, ಬಿರಡೆ ಕೀಳಾದ್ರಾಗ ಏನು ತಪ್ಪೈತ್ರೀ, ಕೊಡ್ರಿ ಇಲ್ಲಿ" ಎಂದು ಒಂದು ಸ್ಕ್ರೂ ತಿರುಗಿಸಿ, ಮುಖವನ್ನು ಗೋಡೆಯ ಕಡೆ ಹೊರಳಿಸಿ, ಇಕ್ಕಳದಿಂದ ಎಳೆದುಕೊಟ್ಟು ಹೋಗಿ ಕೈ ತೊಳೆದುಕೊಂಡರು. ನಾನು ಒಂದು ಗುಟುಕು ಕುಡಿದೆ. ಹಸಿ ಅಡಿಕೆ ಜಗಿದು ಮೇಲೆ ಹುಣಸೆಕಾಯಿ ಕಚ್ಚಿದ ಹಾಗಾಯಿತು. ತಾವು ಬರೆದ ಸುದೀರ್ಘ ಮುಕ್ತಾಯ ಮಾತ್ರ ಅಕ್ಷರಶಃ ನಿಜ: ಮಧ್ಯಾಹ್ನ ಶುರುವಾದದ್ದು ಮೂರು ಚಮಚ ಸಕ್ಕರೆ ಹಾಕಿದ ಸಂಜೆಯ ಚಹಾದವರೆಗೂ ಮುಗಿಯಲಿಲ್ಲ.

ನನ್ನ ಮುಖ ನೋಡಿದ ಅಪ್ಪಾಜಿ ಬಾಟಲಿಯ ಬಾಯಿಗೆ ಮೂಗು ಹಿಡಿದರು, ಅಷ್ಟೇ. "ಹುಳಿ ಬಂದೈತಿ" ಎಂದರು.

ಮಾನ್ಯರೇ, ಜೋನಿ ಬೆಲ್ಲದ ವ್ಯಾಪಾರದಲ್ಲಿ ಒಂದು ಪದ್ಧತಿಯಿದೆ. ಡಬ್ಬಿ ಹುಳಿ ಬಂದರೆ ಕೊಟ್ಟವನು ಮರುಮಾತಾಡದೆ ವಾಪಸ್ ತೆಗೆದುಕೊಳ್ಳಬೇಕು. ಅಪ್ಪಾಜಿ ಹಾಗೆ ತೆಗೆದುಕೊಂಡಿದ್ದಾರೆ, ಹಾಗೆ ಕೊಟ್ಟೂ ಇದ್ದಾರೆ. ಆದ್ದರಿಂದ ಅವರು ಮರುದಿನ ಬಿಳಿ ಅಂಗಿ ಹಾಕಿ, ವಿಭೂತಿ ಹಚ್ಚಿ, ತಮ್ಮ ಬಾಟಲಿಯನ್ನು ಬಟ್ಟೆಯ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಶಿಕಾರಿಪುರಕ್ಕೆ ಹೋಗಿ, ಐವತ್ತೆಂಟನೆಯ ವಯಸ್ಸಿನಲ್ಲಿ ಮೊಟ್ಟಮೊದಲ ಬಾರಿಗೆ, ಹಾಡುಹಗಲಲ್ಲಿ, ವೈನ್ಸ್ ಎಂದು ಆಳೆತ್ತರದ ಅಕ್ಷರಗಳಿದ್ದ ರಾಹುಲ್ ಬಾಟಲಿ ಕೊಂಡಿದ್ದ ಅಂಗಡಿಯ ಮೆಟ್ಟಿಲು ಹತ್ತಿದರು. ನಾನು ಎದುರಿನ ಬೇಕರಿಯಲ್ಲಿ ಬಾದಾಮಿ ಹಾಲು ಹಿಡಿದು ನಿಂತಿದ್ದೆ. ರಸ್ತೆ ಕಿರಿದು, ಅಪ್ಪಾಜಿಯ ದನಿ ಹಿರಿದು, ಒಂದು ಮಾತೂ ತಪ್ಪಲಿಲ್ಲ.

ಅಂಗಡಿಯ ಶ್ರೀನಿವಾಸ ಎಂಬವರು ಗೌರವದಿಂದಲೇ, "ಅಣ್ಣಾರೆ, ಮಾಲು ಕೆಟ್ಟಿಲ್ಲ. ಇದಕ್ಕ ಡ್ರೈ ಅಂತಾರೆ. ಹಣ್ಣಿನ ಸಿಹಿ ಎಲ್ಲ ಹುದುಗಿನಾಗ ಹೋಗಿರ್ತೈತಿ, ಇದು ಹಿಂಗೇ ಇರಾದು" ಎಂದರು. "ಹಿಂಗೇ ಇರಾದು ಅಂತ ನಾನೂ ಮೂವತ್ತು ವರ್ಷದಾಗ ಎಷ್ಟೋ ಮಂದಿಗೆ ಹೇಳೀನಿ ತಮ್ಮಾ. ಯಾವಾಗ ಹೇಳ್ತಾರೆ ಅಂತ ನಂಗೊತ್ತು" ಎಂದರು ಅಪ್ಪಾಜಿ. ಬಳಿಕ ಚೀಟಿ ಓದಿಸಿದರು. ಶ್ರೀನಿವಾಸ ಕಷ್ಟಪಟ್ಟು ಓದಿದರು. "ಚಾಕ್ಲೇಟ್ ಐತಿ ಅಂತ ಬರದಾರಲ್ಲ, ಎಲ್ಲೈತಿ ತೋರ್ಸು" ಎಂದರು ಅಪ್ಪಾಜಿ. "ಐತಿ ಅಂತಲ್ಲ ಅಣ್ಣಾರೆ, ಹಂಗ ಅನ್ನಿಸ್ತೈತಿ ಅಂತ." "ಯಾರಿಗೆ?" ಶ್ರೀನಿವಾಸ ಬಾಟಲಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿ, "ಬರದೋರಿಗೆ" ಎಂದರು.

ತಾವು ಆ ಹೊತ್ತಿನಲ್ಲಿ ಅಲ್ಲಿ ಇರಬೇಕಿತ್ತು. ಇದ್ದದ್ದು ಕುಬಟೂರಿನ ತೋಟಪ್ಪನವರು. ನಮ್ಮ ಮಂಡಿಗೆ ವರ್ಷವರ್ಷವೂ ಜೋನಿ ಬೆಲ್ಲ ಹಾಕುವವರು. ಅವರು ಅಪ್ಪಾಜಿಯನ್ನು ನೋಡಿದರು, ಕೈಯಲ್ಲಿದ್ದ ಬಾಟಲಿಯನ್ನು ನೋಡಿದರು, ನಮಸ್ಕಾರ ಮಾಡಿ ಹೋದರು. ಮರುದಿನ ಬೆಳಿಗ್ಗೆ ಸೊರಬದಿಂದ ಅಜ್ಜಿ ಹಾಲಮ್ಮನ ಫೋನು: "ಅಳಿಯಂದಿರು ಕುಡಿಯಕ್ಕೆ ಹಿಡಿದಾರಂತಲ್ಲೇ, ಅಂಗಡಿ ಮುಂದೆ ಇನ್ನೂ ಬೇಕು ಅಂತ ಜಗಳ ಆಡ್ತಿದ್ರಂತೆ, ಹೌದನೇ?" ನಾನು ಎಲ್ಲ ಬಿಡಿಸಿ ಹೇಳಿದೆ. ಅಜ್ಜಿ ಕೇಳಿಸಿಕೊಂಡು, "ಮಗಳಿಗೆ ತಂದಿದ್ದು ಅಂತ ಮಾತ್ರ ಯಾರ ಹತ್ರನೂ ಹೇಳಬೇಡ, ಅದಕ್ಕಿಂತ ಅವ್ರು ಕುಡಿದ್ರು ಅಂತಿದ್ರೇ ವಾಸಿ" ಎಂದು ಫೋನು ಇಟ್ಟರು. ತೋಟಪ್ಪನವರು ಆ ಅಂಗಡಿಯಲ್ಲಿ ಯಾಕೆ ನಿಂತಿದ್ದರು ಎಂದು ಈವರೆಗೆ ಯಾರೂ ಕೇಳಿಲ್ಲ. ಈಗ ಮಂಡಿಗೆ ಬರುವ ರೈತರು ಅಪ್ಪಾಜಿಯ ಜೊತೆ ಮೆಲ್ಲಗೆ, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಾರೆ. ಅಪ್ಪಾಜಿ ಇದನ್ನು ಗಮನಿಸಿದರೂ ನನ್ನನ್ನು "ಓದು ಎಲ್ಲಿಗೆ ಬಂತು" ಎಂದಷ್ಟೇ ಕೇಳುತ್ತಾರೆ.

ಓದು ಬಂದದ್ದು ಇಲ್ಲಿಗೆ. ಶ್ರೀನಿವಾಸ ಅಂದು ಬಾಟಲಿ ವಾಪಸ್ ಪಡೆಯಲಿಲ್ಲ, ಆದರೆ ಕೆಳಗಿನ ಗೂಡಿನಿಂದ ಧೂಳು ಹಿಡಿದ ಇನ್ನೊಂದನ್ನು ತೆಗೆದು, "ಮಗಳಿಗೆ ಸಿಹಿ ಬೇಕಲ್ರೀ, ಇದನ್ನ ಒಯ್ರಿ, ಪೋರ್ಟ್ ಅಂತಾರೆ. ನಮ್ಮ ಕಡೆ ವೈನ್ ಅಂತ ಮನಸಿಟ್ಟು ಒಯ್ಯೋರು ಒಯ್ಯಾದು ಇದೊಂದನ್ನ" ಎಂದು ಕೊಟ್ಟಿದ್ದರು. ಅದನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಣ್ಣಗೆ ಮಾಡಿ, ಸಂಜೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಜೊತೆ ಅರ್ಧ ಲೋಟ ಕುಡಿದೆ. ಕಳಿತ ನೇರಳೆ ಹಣ್ಣನ್ನು ಜೋನಿ ಬೆಲ್ಲದಲ್ಲಿ ಎರಡು ದಿನ ನೆನೆಸಿಟ್ಟ ಹಾಗಿತ್ತು, ಬಜ್ಜಿಯ ಖಾರ ಏರಿದಾಗಲೆಲ್ಲ ಈ ಸಿಹಿ ಬಂದು ಅದನ್ನು ಸಮಾಧಾನ ಮಾಡುತ್ತಿತ್ತು. ನನಗೆ ಬಹಳ ಇಷ್ಟವಾಯಿತು. ಅಪ್ಪಾಜಿ ಇದಕ್ಕೂ ಮೂಗನ್ನಷ್ಟೇ ಕೊಟ್ಟು, "ದ್ರಾಕ್ಷಿ ಕಳಿತದ್ದು. ಮ್ಯಾಲೆ ಸಕ್ಕರೆ ಬಿದ್ದೈತಿ. ಪಾಕ ಒಂದು ಹದ ಮುಂದೆ ಹೋಗಿ ಸೀದ ವಾಸನೆ ಐತಿ, ಆದ್ರೂ ಮೋಸ ಇಲ್ಲ" ಎಂದರು. ನಾನು ಅದನ್ನು ನೋಟ್ಸ್ ಮಾಡಿಕೊಂಡೆ. ಆ ಬಾಟಲಿಯ ಬೆನ್ನಿನ ಮೇಲೆ ರುಚಿಯ ಬಗ್ಗೆ ಏನೂ ಬರೆದಿರಲಿಲ್ಲ. ಅಗತ್ಯ ಬಿದ್ದಿರಲಿಕ್ಕಿಲ್ಲ.

ಖುಷಿಯಿಂದ ರಾಹುಲನಿಗೆ ಹೇಳಿದರೆ, "ಅದನ್ನ ಇಂಟರ್‌ವ್ಯೂನಲ್ಲಿ ಬಾಯಿಬಿಟ್ಟೀಯ, ನಗ್ತಾರೆ" ಎಂದು ತಮ್ಮ ಕಂಪನಿಯ ವೆಬ್‌ಸೈಟಿನ ಪುಟವೊಂದನ್ನು ಕಳಿಸಿದ. ಶೈಲಿ ನೋಡಿದರೆ ಅದೂ ತಮ್ಮದೇ ಬರಹ. ಸಿಹಿ ವೈನ್ ಆರಂಭಿಕರಿಗೆ, ನಾಲಗೆ ಬೆಳೆದಂತೆ ನೀವಾಗಿಯೇ ಡ್ರೈ ಕಡೆಗೆ ಬರುತ್ತೀರಿ ಎಂದಿದೆ. ನನ್ನ ನಾಲಗೆ ಬೆಳೆದಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ, ಅದು ಮೊದಲ ವರ್ಷದ್ದು. ಆದರೆ ಒಂದು ಚೂರು ಬೆಲ್ಲ ಬಾಯಿಗಿಟ್ಟುಕೊಂಡು ಯಾವ ಊರಿನ ಕಬ್ಬು, ಯಾವ ನೀರು, ಬಣ್ಣ ತಿಳಿಯಾಗಲು ಸೋಡಾ ಎಷ್ಟು ಹಾಕಿದ್ದಾರೆ ಎಂದು ಹೇಳುವ, ಆ ಒಂದು ಗುಣದಿಂದಲೇ ನನ್ನ ಹಾಸ್ಟೆಲ್ ಫೀಸು ಕಟ್ಟಿದ ಅಪ್ಪಾಜಿಯ ನಾಲಗೆಯೂ ಸಿಹಿಯದ್ದೇ. ಅದು ಇನ್ನೂ ಬೆಳೆಯಬೇಕಾಗಿದೆ ಎಂಬ ತಮ್ಮ ವಾಕ್ಯವನ್ನು ಅವರಿಗೆ ಕನ್ನಡದಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ವೆಬ್‌ಸೈಟಿನಲ್ಲಿ ಏನೈತಿ ಎಂದು ಕೇಳಿದಾಗ, ಏನಿಲ್ಲ, ಜಾಹೀರಾತು ಎಂದೆ.

ಮಾನ್ಯರೇ, ತಮ್ಮ ಚೀಟಿ ನನಗೆ ಬಾಯಿಪಾಠವಾಗಿದೆ. ಇಪ್ಪತ್ತೆರಡರಂದು ಮೂರೂ ಗ್ಲಾಸಿಗೆ ಅದನ್ನೇ ಸ್ವಲ್ಪ ಹಿಂದುಮುಂದು ಮಾಡಿ ಒಪ್ಪಿಸಿದರೆ ಸೆಲೆಕ್ಟ್ ಆಗುತ್ತೀ ಎಂದು ರಾಹುಲ್ ಗ್ಯಾರಂಟಿ ಕೊಡುತ್ತಾನೆ. ಆದರೆ ಸೆಲೆಕ್ಟ್ ಆದರೆ ಎರಡು ತಿಂಗಳು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ನಾನೂ ಇಂಥದ್ದೇ ಚೀಟಿಗಳನ್ನು ಬರೆಯಬೇಕಾಗುತ್ತದೆ. ಅವನ್ನು ನಂಬಿ ಯಾವುದೋ ಊರಿನ ಯಾರದೋ ಅಪ್ಪಾಜಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಸ್ಸು ಹತ್ತುತ್ತಾರೆ. ಆದ್ದರಿಂದ ನನಗೆ ಸಿಹಿಯೇ ಇಷ್ಟ, ತಮ್ಮ ಮೂರು ಗ್ಲಾಸೂ ಒಗರು, ಹವ್ಯಾಸದ ಕಾಲಮಿನಲ್ಲಿ ಬರೆದದ್ದು ಸುಳ್ಳು ಎಂದು ಅಲ್ಲಿ ಹೇಳಲು ತೀರ್ಮಾನಿಸಿದ್ದೇನೆ.

ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಮೇಜಿನ ಮೇಲೆ ದಯಮಾಡಿ ನಾಲ್ಕನೆಯದಾಗಿ ಒಂದು ಸಿಹಿ ಗ್ಲಾಸನ್ನೂ, ಪಕ್ಕದಲ್ಲಿ ಎರಡು ಬಜ್ಜಿಯನ್ನೂ ಇಡಿಸಬೇಕು. ಚೀಟಿಯ ಮೇಲೆ ಹಣ್ಣುಗಳಿಗಿಂತ ಮೊದಲು 'ಸಿಹಿ ಇಲ್ಲ' ಎಂಬ ಎರಡು ಪದಗಳಿಗೆ ಜಾಗ ಮಾಡಬೇಕು. ಹಾಗೆಯೇ ತಮ್ಮ ಕಂಪನಿಯ ಒಬ್ಬ ಜವಾಬ್ದಾರಿಯುತ ಅಧಿಕಾರಿಯನ್ನು ಸಂತೆಯ ದಿನ ಶಿರಾಳಕೊಪ್ಪಕ್ಕೆ ಕಳಿಸಿ, ಮಂಡಿಯ ಮುಂದೆ ನಿಂತು, ಸದಾಶಿವಪ್ಪನವರು ಕುಡಿಯುವುದಿಲ್ಲ, ಅವರು ಬರೀ ಓದಿ ಮೋಸಹೋದವರು ಎಂದು ಮೈಕಿನಲ್ಲಿ ಮೂರು ಸಲ ಹೇಳಿಸಬೇಕು. ಸೊರಬದ ಬಸ್ಸು ಹೊರಡುವ ಮೊದಲು ಹೇಳಿಸಿದರೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ, ಹಾಗೂ ತಮ್ಮ ಚೀಟಿಯನ್ನು ಒಮ್ಮೆ ವಿಶ್ವಾಸದಿಂದ ಓದಿದವಳು,
ಧನ್ಯಾ

ತಾ. ಕ.: ಚೀಟಿಯ ತೀರ ಕೆಳಗೆ, ಭೂತಗನ್ನಡಿ ಹಿಡಿದರಷ್ಟೇ ಕಾಣುವಂತೆ, ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಸಾಲಿದೆ. ಆ ಚೀಟಿಯಲ್ಲಿ ನೆಟ್ಟಗೆ ಬರೆದ ವಾಕ್ಯ ಅದೊಂದೇ ಆದ್ದರಿಂದ ಅದನ್ನು ಬರೆದವರು ತಾವಲ್ಲ ಎಂದುಕೊಂಡಿದ್ದೇನೆ. ಅವರ ವಿಭಾಗದಲ್ಲಿ ಇಂಟರ್ನ್‌ಶಿಪ್ ಖಾಲಿ ಇದ್ದರೆ ತಿಳಿಸಿ, ಹವ್ಯಾಸದ ಕಾಲಂ ಈ ಸಲ ಖಾಲಿ ಬಿಡುತ್ತೇನೆ. ಇಪ್ಪತ್ತೆರಡಕ್ಕೆ ಇನ್ನು ಒಂಬತ್ತೇ ದಿನ ಇದೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.