ಎಡದಿಂದ ಮೂರನೆಯವಳು

ಪರಮೇಶನ ಕಷ್ಟಕ್ಕೆಲ್ಲ ಮೂಲ ಒಂದು ಆಕಳಿಕೆ.

ಹೋದ ಯುಗಾದಿಗೆ ಕನ್ನಡ ಬಳಗದವರು ಕಾಚಿಗೂಡದ ಒಂದು ಸಭಾಭವನದಲ್ಲಿ ಹಾಡು-ಕುಣಿತದ ಕಾರ್ಯಕ್ರಮ ಇಟ್ಟಿದ್ದರು. ವೇದಿಕೆಯ ಪಕ್ಕದಲ್ಲಿ ಭಾರಿ ವಿಡಿಯೋ ಪರದೆ. ಮಹಿಳೆಯರ ಕುಣಿತ ನಡೆದಿದ್ದಾಗ ಕ್ಯಾಮೆರಾದವನು ಪ್ರೇಕ್ಷಕರ ಕಡೆ ತಿರುಗಿಸಿದ. ಅದೇ ಗಳಿಗೆಗೆ ಪರಮೇಶ ಬಾಯಿ ತೆರೆದ. ಎರಡಂತಸ್ತಿನ ಮನೆಯಷ್ಟು ಎತ್ತರದ ಪರದೆಯ ಮೇಲೆ ಅವನ ಬಾಯಿ ಅಂಗಡಿಯ ಶಟರಿನಂತೆ ಮೇಲೇರಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಸಾವಕಾಶವಾಗಿ ಕೆಳಗಿಳಿಯಿತು. ವೇದಿಕೆಯ ಮೇಲೆ ಕುಣಿಯುತ್ತಿದ್ದ ಅವನ ಹೆಂಡತಿ ಶಿವಗಂಗಾ ಅದನ್ನು ಕಣ್ಣಾರೆ ಕಂಡಳು. ಕಂಡವಳೇ ಹೆಜ್ಜೆ ತಪ್ಪಿ, ಮುಂದಿದ್ದವಳ ಸೆರಗು ತುಳಿದಳು.

ನಿಜ ಹೇಳಬೇಕೆಂದರೆ ಪರಮೇಶನಿಗೆ ಅವಳ ಕುಣಿತ ಬೇಸರ ತಂದಿರಲಿಲ್ಲ. ತೊಂದರೆ ಇದ್ದದ್ದು ಅವನ ಮುಖದಲ್ಲಿ. ಒಳಗೆ ಏನೇ ನಡೆದಿರಲಿ, ಹೊರಗೆ ಅದು ಆಧಾರ್ ಕಾರ್ಡಿನ ಫೋಟೋದಂತೆಯೇ ಇರುತ್ತಿತ್ತು. ಮದುವೆಯ ಫೋಟೋದಲ್ಲೂ ಅವನು ಯಾರದೋ ಜಾಮೀನಿಗೆ ಸಹಿ ಹಾಕಲು ಬಂದವನಂತೆ ನಿಂತಿದ್ದ. ಸರಕಾರಿ ಕಚೇರಿಯಲ್ಲಿ ಆ ಮುಖ ಭಾಳ ಉಪಯೋಗಕ್ಕೆ ಬಂದಿತ್ತು. ಮನೆಯಲ್ಲಿ ಬರಲಿಲ್ಲ.

ಈಗ ರಾಜ್ಯೋತ್ಸವದ ಕಾರ್ಯಕ್ರಮ. ಅದೇ ಸಭಾಭವನ, ಅದೇ ಪರದೆ. ಭಾನುವಾರ ಬೆಳಿಗ್ಗೆ ಮೆಹದಿಪಟ್ಟಣಂನ ಮನೆಯಲ್ಲಿ ಶಿವಗಂಗಾ ಗೆಜ್ಜೆಗಳನ್ನು ಚೀಲಕ್ಕೆ ತುಂಬುತ್ತ ಹೇಳಿದಳು:

"ನೀವು ಬರೂದ ಬ್ಯಾಡ್ರಿ."

"ಯಾಕ? ನಾ ಬರತೀನಿ."

"ಬಂದು ಏನ್ ಮಾಡತೀರಿ? ಮನ್ಯಾಗ ನಿಮ್ಮ ಫೋಟೋ ಐತಿ, ಅದನ್ನ ಕುರ್ಚಿ ಮ್ಯಾಲ ಇಟ್ಟರೂ ಅಷ್ಟ." ಅವಳು ಚೀಲದ ಜಿಪ್ ಎಳೆಯುವುದನ್ನು ನಿಲ್ಲಿಸಿದಳು. ದನಿ ಸಣ್ಣದಾಯಿತು. "ಇಷ್ಟ ವರ್ಷ ಆತು. ನಾ ಹಾಡಿದೆ, ಕುಣಿದೆ, ಹೊಸ ಸೀರಿ ಉಟ್ಟು ಮುಂದ ಬಂದು ನಿಂತೆ. ಒಂದ ಸಲಾನರ 'ಛಲೋ ಐತಿ' ಅಂದೀರೇನು?"

ಅನ್ನಬೇಕೆಂದು ಎಷ್ಟೋ ಸಲ ಪರಮೇಶನಿಗೆ ಅನಿಸಿತ್ತು. ಮುಖ ಮಾತ್ರ ಆಧಾರ್ ಕಾರ್ಡಿನಲ್ಲಿದ್ದಂತೆಯೇ ಇತ್ತು.

"ಬರತೀನಿ ಅಂದ್ರ ಬರ್ರಿ," ಎಂದಳು ಬಾಗಿಲ ಬಳಿ. "ಈ ಸಲ ನಮಗೆಲ್ಲಾ ಮುಖದ ಮ್ಯಾಲ ಮುಸುಕು ಐತಿ. ನಿಮಗ ನಾ ಯಾರಂತ ಗುರುತು ಸಿಗೂದಿಲ್ಲ. ನೀವು ಕುಂತಲ್ಲಿಂದ ನೋಡಿದ್ರ ಎಡಗಡಿಂದ ಮೂರನೇಕಿ ನಾನ. ಬಂದ್ರ, ಜೀವಂತ ಮನಷ್ಯಾರಂಗ ಕುಂದರ್ರಿ."

ಮುಸುಕಿಗೂ ಕಾರಣವಿತ್ತು. ತಾಲೀಮಿನಲ್ಲಿ ತಂಡದ ಎಂಟು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಒಬ್ಬಳು ನಕ್ಕರೆ ಎಂಟೂ ಮಂದಿ ನೆಲಕ್ಕೆ ಕೂತುಬಿಡುತ್ತಿದ್ದರು. ಕುಣಿತ ಕಲಿಸುವ ಸಾಯಿಕುಮಾರ, ಸಣಕಲ ಹುರುಪಿನ ಹುಡುಗ, ವಾರಗಟ್ಟಲೆ ಬೇಡಿಕೊಂಡು ಸೋತು, ಕೊನೆಗೆ ಎಲ್ಲರ ಮುಖಕ್ಕೂ ಜರಿಯ ಬಟ್ಟೆ ಇಳಿಬಿಟ್ಟು "ಮುಸುಕಿನ ಕೋಲಾಟ" ಎಂದು ಹೆಸರಿಟ್ಟಿದ್ದ.

ಹೆಂಡತಿ ಹೋದೊಡನೆ ಪರಮೇಶ ಎದುರು ಮನೆಯ ಬೂದೆಪ್ಪನ ಬಾಗಿಲು ತಟ್ಟಿದ. ಬೂದೆಪ್ಪ ಯಾದಗಿರಿ ಕಡೆಯವನು, ಕಟ್ಟಡದ ಕಂತ್ರಾಟುದಾರ. ಸಿಮೆಂಟು ಕಲಸುವ ಯಂತ್ರದ ಸದ್ದನ್ನೂ ಮೀರಿ ಮಾತಾಡಿ ರೂಢಿಯಾದ ಗಂಟಲು ಅವನದು. ವಿಷಯ ಕೇಳಿದವನೇ ತೊಡೆ ತಟ್ಟಿದ.

"ಇಷ್ಟ ಹೌದಲ್ರೀ! ಪಬ್ಲಿಕ್ ಅಂದ್ರ ಹ್ಯಾಂಗಿರಬೇಕು, ನಾ ಕಲಸ್ತೀನಿ. ನಡೀರಿ ಮ್ಯಾಲ."

ಮಾಳಿಗೆಯ ಮೇಲೆ ತರಬೇತಿ ಶುರುವಾಯಿತು. ಮೊದಲು ಚಪ್ಪಾಳೆ. ಪರಮೇಶನದು ಸೊಳ್ಳೆ ಹೊಡೆದಂತೆ ಇತ್ತು.

"ಹಂಗಲ್ರೀ! ಕೈ ಅಗಲಿಸ್ರಿ! ಈಗ ಕೂಗ್ರಿ, ಹೋಯ್!"

"ಹೋಯ್," ಎಂದ ಪರಮೇಶ, ಕಚೇರಿಯಲ್ಲಿ ಹಾಜರಿ ಹೇಳಿದಂತೆ.

"ಹೊಟ್ಟಿಂದ ಬರಬೇಕ್ರೀ! ಅಕ್ಕಾರ ಕುಣ್ಯಾಕತ್ತಾರ ಅನ್ಕೋರಿ! ಹೆಸರು ಹಿಡಿದು ಕೂಗ್ರಿ!"

ಪರಮೇಶ ಕಣ್ಣು ಮುಚ್ಚಿದ. ಬಾಗಿಲ ಬಳಿ ನಿಂತಿದ್ದ ಶಿವಗಂಗಾಳ ಮುಖ ನೆನಪಾಯಿತು. ಎದೆ ತುಂಬ ಉಸಿರು ಎಳೆದುಕೊಂಡ.

"ಶಿವಗಂಗಾ! ಹೋಯ್! ಹೋ... ಯ್!"

ನೀರಿನ ಟ್ಯಾಂಕಿನ ಆಚೆ ಬಟ್ಟೆ ಒಣಗಿಸುತ್ತಿದ್ದ ಕೆಳಮನೆಯ ಬಂಡೆಮ್ಮ ಕಿಟಾರನೆ ಕಿರಿಚಿ ಒದ್ದೆ ಬಟ್ಟೆಯ ಬಕೆಟ್ಟು ಕೈಬಿಟ್ಟಳು. ಅದು ಮೆಟ್ಟಿಲ ಮೇಲೆ ಡಬಡಬ ಉರುಳುತ್ತ ಕೆಳಗಿನತನಕ ಸುದ್ದಿ ಮುಟ್ಟಿಸಿತು. ಶಿವಗಂಗಾಗೆ ಏನೋ ಆಯಿತೆಂದು ಮೂರು ಮನೆಯವರು ಓಡಿ ಬಂದರು. ಒಬ್ಬರು ಗ್ಲುಕೋಸ್ ಪುಡಿ ತಂದರು. ಅವರಿಗೆಲ್ಲ ವಿಷಯ ತಿಳಿಸುವಷ್ಟರಲ್ಲಿ ಊಟದ ಹೊತ್ತಾಯಿತು. ತಿಳಿದವರೆಲ್ಲ ಸುಮ್ಮನಿರಲಿಲ್ಲ, ತಲೆಗೊಂದು ಸಲಹೆ ಕೊಟ್ಟರು. ನಿಂತು ಚಪ್ಪಾಳೆ ಹೊಡೆಯಬೇಕು ಎಂದು ಒಬ್ಬರು, ರುಮಾಲು ಬೀಸಬೇಕು ಎಂದು ಇನ್ನೊಬ್ಬರು. ಬಂಡೆಮ್ಮ ಮಾತ್ರ, "ಏನರ ಮಾಡ್ರಿ, ನನ್ನ ಅರಬಿ ಮತ್ತ ತೊಳದು ಕೊಡ್ರಿ," ಎಂದಳು.

ಬಸ್ಸಿನಲ್ಲೂ ಬೂದೆಪ್ಪ ಬಿಡಲಿಲ್ಲ. "ರೂಢಿ ತಪ್ಪಬಾರದು, ಹೊಡೀತಾ ಇರ್ರಿ," ಎಂದ. ಪರಮೇಶ ಎರಡು ಚಪ್ಪಾಳೆ ಹೊಡೆದ. ಡ್ರೈವರ್ ಅದನ್ನು ಇಳಿಯುವವರ ಸನ್ನೆ ಎಂದುಕೊಂಡ. ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ. ಸ್ವಲ್ಪ ಮುಂದೆ ಹೋದ ಮೇಲೆ ಮತ್ತೆರಡು ಹೊಡೆದ. ಬಸ್ಸು ಮತ್ತೆ ನಿಂತಿತು. ಕಂಡಕ್ಟರಮ್ಮ ಜನರನ್ನು ಸೀಳಿಕೊಂಡು ಬಂದು ಸೊಂಟದ ಮೇಲೆ ಕೈಯಿಟ್ಟಳು.

"ದಿಗುತಾರಾ ಸಾರ್, ದಿಗರಾ?"

ಇಳಿಯುವುದಿಲ್ಲವೆಂದು ಹೇಳಲು ಪರಮೇಶ ಬಾಯಿ ತೆರೆದ. ಅಷ್ಟರಲ್ಲಿ ಬೂದೆಪ್ಪ, "ಪ್ರ್ಯಾಕ್ಟೀಸ್ ಮಾಡಾಕತ್ತಾರಮ್ಮ," ಎಂದ. ಆಕೆಗೆ ಕನ್ನಡ ಬರುತ್ತಿರಲಿಲ್ಲವಾದರೂ ಮಾತಿನ ಸಾರ ತಿಳಿಯಿತು. ಇಬ್ಬರೂ ಉಳಿದ ದಾರಿಯನ್ನು ನಡೆದು ಮುಗಿಸಿದರು.

ಸಭಾಭವನ ತುಂಬಿತ್ತು. ಮುಂದಿನ ಸಾಲುಗಳಲ್ಲಿ ರೇಷ್ಮೆ ಸೀರೆಗಳು, ಇಸ್ತ್ರಿ ಮಾಡಿದ ಜುಬ್ಬಾಗಳು. ವೇದಿಕೆಯ ಮೇಲೆ ಡೋಲು, ಕೀಬೋರ್ಡು, ಗಿಟಾರು ಒಟ್ಟಿಗೆ ಆರ್ಭಟಿಸುತ್ತಿದ್ದವು. ಬಣ್ಣದ ದೀಪಗಳು ಸುತ್ತುತ್ತಿದ್ದವು. ಹೊಗೆ ಬಿಡುವ ಯಂತ್ರ ಬುಸುಗುಡುತ್ತಿತ್ತು. ಹಾಡುವ ಹುಡುಗಿ ಸ್ಪೀಕರಿನ ಮೇಲೆ ಹತ್ತಿ, "ಎಲ್ರೂ ಕೈ ಮೇಲೆ!" ಎಂದು ಕೂಗಿದಳು. ಜನ ಸಂತಾಪ ಸಭೆಗೆ ಬಂದವರಂತೆ ಕೂತೇ ಇದ್ದರು. ಒಬ್ಬರು ಮಾತ್ರ ಕೈ ಎತ್ತಿದರು, ಫ್ಯಾನಿನ ವೇಗ ಕಡಿಮೆ ಮಾಡಿ ಎನ್ನಲು.

"ನೋಡ್ರಿ, ಎಲ್ಲಾ ನಿಮ್ಮಂಥವ್ರ," ಎಂದ ಬೂದೆಪ್ಪ. ಪರಮೇಶನ ಕೈಯಿಂದ ಫೋನು ಕಿತ್ತುಕೊಂಡು, ಸದ್ದು ಬಂದ್ ಮಾಡಿ ತನ್ನ ಜೇಬಿಗೆ ಹಾಕಿಕೊಂಡ. "ಇದು ಕೈಯಾಗಿದ್ರ ಚಪ್ಪಾಳಿ ಹ್ಯಾಂಗ ಹೊಡೀತೀರಿ?"

ಮಹಿಳಾ ವಿಭಾಗದ ಸ್ಪರ್ಧೆ ಶುರುವಾಯಿತು. ಮೂರನೆಯ ತಂಡವೇ ಮುಸುಕಿನ ಕೋಲಾಟ. ವೇದಿಕೆಯ ಮುಂದಿನ ತೆರೆ ಸರಿಯಲು ತಡವಾಯಿತು. ಒಳಗೆ ಏನೋ ಗಡಿಬಿಡಿ, ಯಾರೋ ಓಡಾಡಿದ ಸದ್ದು. ಕೊನೆಗೆ ಡೋಲು ಗುಡುಗಿತು. ಕನ್ನಡಿಯ ಚೂರು ಹೊಲಿದ ಲಂಗ, ತುಂಬುತೋಳಿನ ಕುಪ್ಪಸ, ಮುಖದ ಮೇಲೆ ಜರಿಯ ಮುಸುಕು ತೊಟ್ಟ ಎಂಟು ಜನ ಕೋಲು ಹಿಡಿದು ಬಂದರು.

ಪರಮೇಶ ಎಡದಿಂದ ಎಣಿಸಿದ. ಒಂದು, ಎರಡು, ಮೂರು. ಎದ್ದು ನಿಂತ.

"ಏ, ಕುಂದರ್ರೀ!" ಎಂದಿತು ಹಿಂದಿನ ಸಾಲು.

ಅವನು ಕೂರಲಿಲ್ಲ. ಕೈ ಅಗಲಿಸಿ ಚಪ್ಪಾಳೆ ಹೊಡೆದ. ಬಳಿಕ, ಹೊಟ್ಟೆಯ ಆಳದಿಂದ:

"ಶಿವಗಂಗಾ! ಹೋಯ್!"

ಮೂರನೆಯವಳು ಒಂದು ಕ್ಷಣ ಗಕ್ಕನೆ ನಿಂತಳು. ಮರುಕ್ಷಣ ಕೋಲು ಎತ್ತಿ ಬೀಸಿದಳು. ಮೇಲೆ ಜಿಗಿದಳು. ಅದೆಂಥ ಜಿಗಿತ! ಲಂಗ ಕೊಡೆಯಂತೆ ಬಿಚ್ಚಿಕೊಂಡಿತು.

"ಅಬಾಬಾ! ಅಕ್ಕಾರ ಏನ್ ಜಿಗೀತಾರ್ರೀ!" ಬೂದೆಪ್ಪ ಬಾಯಿ ತೆರೆದ.

"ಮನ್ಯಾಗ ಮ್ಯಾಲಿನ ಡಬ್ಬಿ ತಗ್ಯಾಕೂ ನನ್ನ ಕರೀತಾಳ," ಎಂದ ಪರಮೇಶ, ಕಣ್ಣು ಒರೆಸಿಕೊಳ್ಳುತ್ತ. "ಮೊಣಕಾಲ ನೋವು ಅಂತಾಳ. ಇಷ್ಟ ದಿನಾ ಇದನ್ನೆಲ್ಲಾ ಎಲ್ಲಿ ಬಚ್ಚಿಟ್ಟಿದ್ಲೋ!"

ಅವನು ಕೂಗಿದಷ್ಟೂ ಅವಳು ಮೇಲೆ ಹಾರಿದಳು. ಅವಳು ಹಾರಿದಷ್ಟೂ ಅವನು ಕೂಗಿದ. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಹೆಡ್‌ಮಾಸ್ತರ ದ್ಯಾವಪ್ಪನವರು ಹುಬ್ಬು ಗಂಟು ಹಾಕಿ ಹಿಂದೆ ತಿರುಗಿದರು, ಗದರಿಸಲೆಂದೇ. ಆದರೆ ಅವರ ಊರುಗೋಲು ಅವರನ್ನು ಕೇಳದೆಯೇ ನೆಲಕ್ಕೆ ತಾಳ ಹಾಕತೊಡಗಿತ್ತು. ಅವರ ಹೆಂಡತಿ ಎದ್ದರು. ಅವರ ಹಿಂದಿನವರಿಗೆ ಏನೂ ಕಾಣದಾಯಿತು, ಅವರೂ ಎದ್ದರು. ಹೀಗೆ ಕಾಣದ ಕಾರಣಕ್ಕೆ ಎದ್ದವರು, ಎದ್ದ ಕಾರಣಕ್ಕೆ ಕುಣಿದವರು ಸೇರಿ ಇಡೀ ಸಭಾಭವನ ಮೇಲೆದ್ದಿತು. ರೇಷ್ಮೆ ಸೀರೆಗಳು ಸೆರಗು ಸಿಕ್ಕಿಸಿದವು. ಜುಬ್ಬಾಗಳ ಇಸ್ತ್ರಿ ಮುರಿಯಿತು. "ಶಿವಗಂಗಾ! ಶಿವಗಂಗಾ!" ಎಂದು ಗೋಡೆಗಳು ಮೊಳಗಿದವು. ಸಕ್ಕರೆ ಕಾಯಿಲೆಯವರು ಮಾತ್ರೆಯ ಹೊತ್ತು ಮರೆತರು.

ಕ್ಯಾಮೆರಾ ತಿರುಗಿತು. ಪರದೆಯ ಮೇಲೆ ಪರಮೇಶ ತನ್ನನ್ನೇ ಕಂಡ. ಕೂದಲು ಕೆದರಿದ, ಕಣ್ಣಲ್ಲಿ ನೀರು, ಕಿವಿಯಿಂದ ಕಿವಿಗೆ ನಗು ಇದ್ದ ಯಾರೋ ಸುಖಿ ಮನುಷ್ಯ. ಅದು ತಾನೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಮೊದಲ ಬಹುಮಾನಕ್ಕೆ ಬೇರೆ ಹೆಸರಿನ ಮಾತೇ ಬರಲಿಲ್ಲ. ಮುಖ್ಯ ಅತಿಥಿ ಗಂಗೂಬಾಯಿ, ಸಂಗೀತ ಕಲಿಸಿ ಕೂದಲು ನೆರೆಸಿಕೊಂಡ ಗಟ್ಟಿಗಿತ್ತಿ, ಮೈಕು ಹಿಡಿದರು.

"ನನ್ನ ಜನ್ಮದಾಗ ಭಾಳ ಕುಣಿತ ನೋಡೀನಿ. ಹೆಂಡ್ತಿ ಕುಣಿದಾಗ ಹಿಂಗ ಕುಣಿಯೋ ಗಂಡನ್ನ ಮಾತ್ರ ಇವತ್ತ ನೋಡಿದೆ. ಎಡಗಡಿಂದ ಮೂರನೇಕಿ, ಮುಂದ ಬಾರವಾ. ಯಜಮಾನ್ರ, ನೀವೂ ಬರ್ರಿ. ಇಬ್ಬರಿಗೂ ಒಂದ ಶಾಲು ಹೊದಸ್ತೀನಿ!"

ಪರಮೇಶನನ್ನು ಜನರೇ ಎತ್ತಿ ವೇದಿಕೆಗೆ ಕಳಿಸಿದರು. ದೊಡ್ಡ ಶಾಲು ಇಬ್ಬರ ಹೆಗಲನ್ನೂ ಸುತ್ತಿತು. ಮುಸುಕಿನವಳು ಅವನ ಪಕ್ಕ ಮುದುಡಿ ನಿಂತಿದ್ದಳು. ಇಷ್ಟು ವರ್ಷ ಹೇಳದೆ ಉಳಿದದ್ದನ್ನೆಲ್ಲ ಒಟ್ಟುಗೂಡಿಸಿ ಪರಮೇಶ ಮುಸುಕಿನ ಬಳಿ ಬಾಗಿದ.

"ಛಲೋ ಕುಣಿದಿ, ಶಿವಗಂಗಾ. ಭಾಳ ಛಲೋ. ನೀ ಅಂದ್ರ ನನಗ ಜೀವ."

ಮುಸುಕಿನೊಳಗಿಂದ ಒಡಕು ಗಂಡುದನಿ ಬಂತು.

"ಸರ್, ನಾನ್ರೀ. ಸಾಯಿಕುಮಾರ."

ಪರಮೇಶನ ಮುಖ ಒಂದೇ ಏಟಿಗೆ ಆಧಾರ್ ಕಾರ್ಡಾಯಿತು.

"ಮುಸುಕು ತಗೀಬ್ಯಾಡ್ರಿ ಸರ್, ಕೈ ಮುಗೀತೀನಿ," ಎಂದು ಆ ದನಿ ಪಿಸುಗುಟ್ಟಿತು. "ಮುಸುಕಿನ್ಯಾಗ ಮೆಟ್ಲ ಕಾಣ್ಸದ ಮೇಡಂ ಅವರ ಕಾಲು ಉಳಕ್ತು. ಎಂಟ ಮಂದಿ ಇಲ್ಲಂದ್ರ ಕೋಲಾಟ ಕೂಡೂದಿಲ್ಲ, ಅದಕ್ಕ ನಾ ಹಾಕ್ಕೊಂಡು ಬಂದೆ. ಹೆಂಗಸರ ಸ್ಪರ್ಧೆ ಐತಿ, ಗೊತ್ತಾದ್ರ ಎಲ್ಲರ ಮರ್ಯಾದಿ ಹೋಗತೈತಿ. ನೀವು ಹೆಸರು ಹಿಡದು ಕೂಗಿದ್ರಿ, ನಾ ಕೈ ಬೀಸಬೇಕಾತು. ಮೇಡಂ ನಿಮಗ ಎಷ್ಟ ಸಲ ಫೋನ್ ಮಾಡಿದ್ರು!"

ಪರಮೇಶ ಸಭೆಯತ್ತ ನೋಡಿದ. ಬೂದೆಪ್ಪ ಜೇಬಿನಿಂದ ಫೋನು ತೆಗೆದು, ಅದನ್ನು ನೋಡಿ, ಹಾಗೆಯೇ ಮರಳಿ ಜೇಬಿಗೆ ಹಾಕಿಕೊಂಡು, ಬಾಗಿಲ ಕಡೆ ಸರಿಯುತ್ತಿದ್ದ. ವೇದಿಕೆಯ ಮೆಟ್ಟಿಲ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಶಾಲು ಹೊದ್ದು, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ಪಾದದ ಕೀಲಿನ ಮೇಲೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡು. ಶಿವಗಂಗಾ. ಪರದೆಯ ಮೇಲೆ ಅವನು ಅತ್ತಿದ್ದು, ನಕ್ಕಿದ್ದು, ಕುಣಿದಿದ್ದು ಎಲ್ಲವನ್ನೂ ಅವಳು ಅಲ್ಲಿಂದಲೇ ನೋಡಿದ್ದಳು. ಈಗ ಮುಸುಕಿನ ಕಿವಿಗೆ ಬಾಗಿದ್ದನ್ನೂ.

"ಒಂದ ಹೆಜ್ಜಿ ಜೋಡಿಲೇ ಹಾಕ್ರಿ, ನಮ್ಮ ಕಣ್ಣು ತಂಪಾಗಲಿ!" ಎಂದರು ಗಂಗೂಬಾಯಿ. ಸಭೆ ಹುಯಿಲೆಬ್ಬಿಸಿತು. ಡೋಲಿನವನಿಗೆ ಅಷ್ಟೇ ಸಾಕಾಯಿತು.

"ಕುಣೀರಿ ಸರ್," ಎಂದ ಮುಸುಕಿನೊಳಗಿನ ಸಾಯಿಕುಮಾರ ಅಳುದನಿಯಲ್ಲಿ. "ಎಡಗಾಲು ಮುಂದ, ಬಲಗೈ ಮ್ಯಾಲ."

ಒಂದೇ ಶಾಲಿನಲ್ಲಿ ಕಟ್ಟುಬಿದ್ದ ಇಬ್ಬರೂ ಕುಣಿದರು. ಪರಮೇಶ ಸಾಯಿಕುಮಾರನ ಪಾದ ತುಳಿದ. ಸಾಯಿಕುಮಾರ ಹೆಂಗಸಿನಂತೆ ನಾಚಿದ. ಡೋಲು ನಿಂತಿತು. ಪರಮೇಶ ಬೆವರು ಒರೆಸಿಕೊಂಡು, ಬದುಕಿದೆ ಎಂದುಕೊಂಡು ಮೆಟ್ಟಿಲಿನತ್ತ ತಿರುಗಿದ.

ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಹೆಂಗಸು ಎರಡೂ ಕೈ ಬಾಯಿಯ ಸುತ್ತ ಹಿಡಿದಳು.

"ಒನ್ಸ್ ಮೋರ್!"

ಸಭೆಗೆ ಆ ಮಾತೇ ಬೇಕಾಗಿತ್ತು. "ಒನ್ಸ್ ಮೋರ್! ಒನ್ಸ್ ಮೋರ್!" ದ್ಯಾವಪ್ಪನವರ ಊರುಗೋಲು ಮೇಲೆದ್ದಿತು. ಪರಮೇಶ ಎರಡನೆಯ ಸಲ ಕುಣಿದ. ಮುಗಿದೊಡನೆ ಅದೇ ದನಿ, ಅದೇ ಕುರ್ಚಿಯಿಂದ. ಮೂರನೆಯ ಸಲ ಕುಣಿದ. ಶಿವಗಂಗಾ ನಗುತ್ತಿದ್ದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು, ಮಂಜುಗಡ್ಡೆಯ ಚೀಲ ಕೆಳಗೆ ಬಿದ್ದಿತ್ತು. ಆ ನಗುವಿನೊಳಗೆ ಸಿಟ್ಟು ಎಷ್ಟಿತ್ತು, ಮನೆಗೆ ಹೋದ ಮೇಲೆ ಎಷ್ಟು ಹೊರಗೆ ಬರುವುದು ಎಂದು ಪರಮೇಶ ಮೇಲಿನಿಂದ ಅಂದಾಜು ಮಾಡಲು ನೋಡಿದ. ಆದರೆ ಅವಳು ಆಗಲೇ ಮತ್ತೆ ಬಾಯಿಗೆ ಕೈ ಹಿಡಿದಿದ್ದಳು, ಸಾಯಿಕುಮಾರ ಅವನ ಸೊಂಟ ಹಿಡಿದಿದ್ದ, ಡೋಲಿನವನು ಕೋಲು ಎತ್ತಿದ್ದ.