ಯಾರೂ ನಗದಂಥ ಹೆಸರು

ಗೇತಾನ್ ಕ್ಲೋದನಿಗೆ ಮನೆತನದ ಹೆಸರೇ ಶತ್ರು. ಕ್ಲೋದ್ ಎಂಬುದು ಗಂಡಸರಿಗೂ ಇಡುವ, ಹೆಂಗಸರಿಗೂ ಇಡುವ ಹೆಸರು. ಅಂಚೆಯವನು "ಕ್ಲೋದಮ್ಮಾ!" ಎಂದು ಕೂಗಿ, ಬಾಗಿಲಲ್ಲಿ ಇವನ ಮೀಸೆ ಕಂಡು ಪೆಚ್ಚಾಗುವುದು ಮಾಮೂಲಾಗಿತ್ತು.

ಈಗ ಮಗಳು ಹುಟ್ಟಿದ್ದಳು. ಹೆಸರು ಬರೆಸಲು ಇವತ್ತೇ ಕೊನೆಯ ದಿನ.

"ನಿನ್ನನ್ನ ನೋಡಿ ನಕ್ಕ ಹಾಗೆ ನನ್ನ ಮಗಳನ್ನ ನೋಡಿ ಯಾರೂ ನಗಬಾರ್ದು. ಅಂಥಾ ಹೆಸರು ಬರೆಸು," ಎಂದು ಹೆಂಡತಿ ಸೊಲೆನ್ ಆಸ್ಪತ್ರೆಯ ಹಾಸಿಗೆಯಿಂದಲೇ ತಾಕೀತು ಮಾಡಿದಳು. "ಬರ್ತಾ ಏನಾದ್ರೂ ಹಣ್ಣು ತಗೊಂಡ್ ಬಾ."

"ಮಾರೀ ಅಂತಿಡಪ್ಪ," ಎಂದಳು, ದಾರಿಯಲ್ಲಿ ಬ್ರೆಡ್ ಕೊಳ್ಳಲು ನಿಂತವನಿಗೆ ಅಂಗಡಿಯ ಜಿನೆತ್.

"ಮಾರೀ-ಕ್ಲೋದಾ? ಊರಲ್ಲಿ ಅರ್ಧ ಜನ ಅಜ್ಜೀರಿಗೆ ಅದೇ ಹೆಸರು. ಕೂಗಿದ್ರೆ ಎಲ್ರೂ ಓಡಿ ಬರ್ತಾರೆ!"

ಸರದಿಯಲ್ಲಿ ಹಿಂದೆ ನಿಂತಿದ್ದ ನಿವೃತ್ತ ಲ್ಯಾಟಿನ್ ಮೇಷ್ಟ್ರು ಬ್ರೆದ್ಯಾಂ ಗಂಟಲು ಸರಿಮಾಡಿಕೊಂಡರು. ಕ್ಲೋದ್ ಎಂದರೆ ಲ್ಯಾಟಿನ್ನಿನಲ್ಲಿ ಕುಂಟ ಎಂದು ಪಾಠ ಹೇಳಿ, ಇಡೀ ತರಗತಿ ಗೇತಾನನ ಹಿಂದೆ ಕುಂಟುತ್ತ ಬರುವಂತೆ ಮಾಡಿದ್ದ ಪುಣ್ಯಾತ್ಮರು ಇವರೇ.

"ಕುಂಟನಿಗೆ ಗಟ್ಟಿ ಆಸರೆ ಬೇಕಯ್ಯಾ. ಲ್ಯಾಟಿನ್ನಲ್ಲಿ ರೆಜೀನಾ, ನಮ್ಮ ಭಾಷೇಲಿ ರೇನ್. ರಾಣಿ ಅಂತ! ರಾಣೀನ ನೋಡಿ ಯಾವನಯ್ಯಾ ನಗ್ತಾನೆ?"

ಗೇತಾನನಿಗೆ ಕಣ್ಣು ತುಂಬಿ ಬಂತು. ಬ್ರೆಡ್ ಅಲ್ಲೇ ಬಿಟ್ಟು ಪುರಸಭೆಗೆ ಓಡಿದ.

ರೇನ್ ಎಂಬ ಹೆಸರು ಕೇಳಿ ಗುಮಾಸ್ತೆ ಓದೀಲ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಮನೆತನದ ಹೆಸರೂ ಸೇರಿಸಿ ಒಂದ್ಸಲ ಜೋರಾಗಿ ಹೇಳಿ ನೋಡಿ ಸಾರ್."

"ನನ್ನ ಮನೆತನದ ಹೆಸರು ನಂಗೆ ಗೊತ್ತಿಲ್ವೇನಮ್ಮಾ? ಹುಟ್ಟಿದಾಗಿಂದ ಹೊತ್ಕೊಂಡು ತಿರುಗ್ತಿದೀನಿ! ಬರ್ಕೊಳ್ಳಿ."

ಅವಳು ತುಟಿ ಕಚ್ಚಿಕೊಂಡು ಬರೆದಳು. ಇವನು ಗತ್ತಿನಿಂದ ಸಹಿ ಹಾಕಿ ಹೊರಬಂದ. ಚೌಕದಲ್ಲಿ ಸಂತೆ ಭರ್ತಿಯಾಗಿತ್ತು.

"ರೇನ್-ಕ್ಲೋದ್! ಬನ್ನಿ ಬನ್ನಿ, ಜೇನಿನಂಥಾ ರೇನ್-ಕ್ಲೋದ್!"

ಗೇತಾನನ ಎದೆ ಉಬ್ಬಿತು. ಆಗಲೇ ಊರಿಗೆಲ್ಲ ಸುದ್ದಿ ಮುಟ್ಟಿತೇ? ತಿರುಗಿ ನೋಡಿದ. ಹಣ್ಣು ಮಾರುವವಳ ಮುಂದೆ ಹಸಿರು ಪ್ಲಮ್ ಹಣ್ಣಿನ ರಾಶಿ. ಹುಟ್ಟಿದಾಗಿನಿಂದ ಪ್ರತಿ ಆಗಸ್ಟಿನಲ್ಲೂ ಇವನು ತಿಂದು ಬೀಜ ಉಗಿದ ಹಣ್ಣು.

"ಏನ್ ಹಾಗೆ ನೋಡ್ತೀರಿ? ಹಿಂದೆ ಕ್ಲೋದ್ ಅಂತ ರಾಣಿ ಇದ್ಲಂತೆ, ಅವಳ ಹೆಸರೇ ಹಣ್ಣಿಗಿಟ್ರು," ಎಂದು ನಕ್ಕಳು ಅವಳು. "ಒಂದು ಕಿಲೋ ಹಾಕ್ಲಾ?"

ಆಸ್ಪತ್ರೆಯಲ್ಲಿ ಸೊಲೆನ್ ಕಾದು ಕುಳಿತಿದ್ದಳು. "ಹೆಸರೇನು ಬರೆಸ್ದೆ? ಹಣ್ಣೇನು ತಂದೆ?"

ಗೇತಾನ್ ಚೀಲವನ್ನು ಅವಳ ಮಡಿಲಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಎರಡೂ ಒಂದೇ," ಎಂದ.